ಕೆಲಸವಿಲ್ಲದವನಿಗೆ ಪುರುಸೊತ್ತಿಲ್ಲ

ಚನ್ನಗಿರಿಯಲ್ಲಿ ಸಣ್ಣದೊಂದು ಸಹಾಯ ಬೇಕಿದ್ದರೆ ಕೆಲಸದಲ್ಲಿರುವವರನ್ನೇ ಕೇಳಬೇಕು. ಅವರು ಹೇಗೋ ಬಿಡುವು ಮಾಡಿಕೊಂಡು ಬರುತ್ತಾರೆ. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗರ ತಂಟೆಗೆ ಮಾತ್ರ ಹೋಗಬಾರದು. ಅವರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. "ಅಡಿಕೆ ಚೀಲ ಇಳಿಸಬೇಕು, ಒಂದು ಕೈ ಹಾಕು ಬಾರಪ್ಪ" ಅಂದು ನೋಡಿ. "ಐದೇ ನಿಮಿಷ ಮಾವ, ಓಟಿಪಿ ಬರೋದೈತೆ" ಅನ್ನುತ್ತಾರೆ. ಓಟಿಪಿಯೂ ಬರುವುದಿಲ್ಲ, ಹುಡುಗನೂ ಬರುವುದಿಲ್ಲ. ಚೀಲ ನೀವೇ ಇಳಿಸಿಕೊಳ್ಳುತ್ತೀರಿ.

ನಮ್ಮ ಅಕ್ಕನ ಮಗನನ್ನೇ ತಗೊಳ್ಳಿ. ಬಿಕಾಂ ಆಗಿದೆ. ಬೆಳಗ್ಗೆ ಎದ್ದರೆ ಮೊಬೈಲಿನಲ್ಲಿ ಮೊದಲು ನೋಡುವುದು ಅಡಿಕೆ ಧಾರಣೆ. ಅದು ಅವರಪ್ಪನಿಗೆ. ರಾಶಿ ಎಷ್ಟು, ಬೆಟ್ಟೆ ಎಷ್ಟು ಎಂದು ಓದಿ ಹೇಳಿ, ನಮ್ಮ ಭಾವನ ಮುಖ ಅರಳಿತೋ ಬಾಡಿತೋ ನೋಡಿಕೊಂಡು, ಆಮೇಲೆ ತನ್ನ ಧಾರಣೆಗೆ ಇಳಿಯುತ್ತಾನೆ. ಟೆಲಿಗ್ರಾಂನಲ್ಲಿ ಜಾಬ್ ಅಲರ್ಟ್ ಗುಂಪುಗಳು, ಕೆಪಿಎಸ್‌ಸಿ, ಕೆಇಎ, ನೌಕ್ರಿ, ಲಿಂಕ್ಡ್‌ಇನ್, ಕೇಂದ್ರದ ನ್ಯಾಷನಲ್ ಕೆರಿಯರ್ ಸರ್ವಿಸ್, ರಾಜ್ಯದ ಸ್ಕಿಲ್ ಕನೆಕ್ಟ್. ಇಷ್ಟೂ ಬಾಗಿಲು ತಟ್ಟಿ ಬರುವಷ್ಟರಲ್ಲಿ ಉಪ್ಪಿಟ್ಟು ಆರಿ ತಣ್ಣಗಾಗಿರುತ್ತದೆ. "ಕೆಲಸ ಇಲ್ದಿದ್ರೇನೆ ಹಿಂಗೆ, ಕೆಲಸ ಸಿಕ್ಕಿದ್ರೆ ಇವ್ನು ಊಟಾನೇ ಬಿಟ್ಟಾನು" ಎಂದು ಅಕ್ಕನ ಗೊಣಗಾಟ.

ನಮ್ಮ ಕಾಲದಲ್ಲಿ ಕೆಲಸ ಹುಡುಕುವುದಕ್ಕೆ ಇಷ್ಟೊಂದು ಕೆಲಸ ಇರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಯಿತೋ, ಬಸ್ಸು ಹತ್ತಿ ಶಿವಮೊಗ್ಗದ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿಗೆ ಹೋಗಿ ಹೆಸರು ಬರೆಸಿ ಕಾರ್ಡು ತಂದರೆ ಮುಗಿಯಿತು. ಆಮೇಲಿನದು ಕಾಯುವ ಕೆಲಸ. ಕಾಯುವುದಕ್ಕೆ ಅಪ್ಲಿಕೇಶನ್ ಹಾಕಬೇಕಾಗಿರಲಿಲ್ಲ. ಖಾಲಿ ಹುದ್ದೆಗಳನ್ನು ಎಕ್ಸ್‌ಚೇಂಜಿಗೆ ತಿಳಿಸಲೇಬೇಕೆಂದು 1959ರಲ್ಲೇ ಕಾಯ್ದೆ ಆಗಿತ್ತು. ತಿಳಿಸಬೇಕು ಎಂದಿತ್ತೇ ಹೊರತು ಎಕ್ಸ್‌ಚೇಂಜು ಕಳಿಸಿದವರನ್ನೇ ತಗೊಳ್ಳಬೇಕು ಎಂದೇನೂ ಇರಲಿಲ್ಲ. ಕಾಯ್ದೆ ಬರೆದವರು ಜಾಣರು. ಆ ಕಾರ್ಡನ್ನು ಆಗಾಗ ನವೀಕರಿಸಿಕೊಂಡು, ಜವಳಿ ಅಂಗಡಿಯವರು ಸೀರೆ ಹಾಕಿಕೊಟ್ಟ ಪ್ಲಾಸ್ಟಿಕ್ ಕವರಿನಲ್ಲಿ ಮಾರ್ಕ್ಸ್ ಕಾರ್ಡಿನ ಜೊತೆ ಇಟ್ಟು, ಕವರನ್ನು ಟ್ರಂಕಿನಲ್ಲಿಟ್ಟು, ಟ್ರಂಕಿಗೆ ಬೀಗ ಹಾಕಿ, ಬೀಗದ ಕೈ ಅವ್ವನ ಹತ್ತಿರ ಕೊಡುತ್ತಿದ್ದೆವು. ಅವ್ವನ ಪಾಸ್‌ವರ್ಡು ಯಾರೂ ಮರೆಯುತ್ತಿರಲಿಲ್ಲ.

ಆಮೇಲೆ ಬಂತು 1997. ಆ ವರ್ಷ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆಯಿತು. ಮಾಡಿದವರು ಆಗ ಮುಖ್ಯಮಂತ್ರಿಯಾಗಿದ್ದ ನಮ್ಮ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು. ಅದೇ ವರ್ಷ ಉತ್ತರದ ಕಡೆ ನೌಕ್ರಿ ಡಾಟ್ ಕಾಂ ಕೂಡ ಹುಟ್ಟಿತು. ಜಿಲ್ಲೆಯೂ ನೌಕ್ರಿಯೂ ಒಂದೇ ವರ್ಷದ ಕೂಸುಗಳು. ಜಿಲ್ಲೆ ಬಂದಾಗ ನೌಕರಿಯೂ ಬಂತು ಎಂದು ಹೇಳಿಕೊಳ್ಳಲು ನಮ್ಮ ಊರಿನವರಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಸಿಗಲಿಕ್ಕಿಲ್ಲ.

ಈ ಎರಡು ಕೂಸುಗಳಲ್ಲಿ ಒಂದು ಇನ್ನೊಂದಕ್ಕೆ ಕೊಟ್ಟ ಕಾಟ ಮಾತ್ರ ಅಷ್ಟಿಷ್ಟಲ್ಲ. ಆನ್‌ಲೈನ್ ಅರ್ಜಿಯಲ್ಲಿ ಜಿಲ್ಲೆ ಆರಿಸಿಕೊಳ್ಳಿ ಎಂದು ಒಂದು ಪಟ್ಟಿ ಇಳಿಯುತ್ತದೆ. ಹುಡುಗ ದಾವಣಗೆರೆ ಒತ್ತುತ್ತಾನೆ. ಅವರಪ್ಪನ ಟಿಸಿಯಲ್ಲಿ ಶಿವಮೊಗ್ಗ ಜಿಲ್ಲೆ ಎಂದಿರುತ್ತದೆ. ಹೊನ್ನಾಳಿಯವರದೂ ಇದೇ ಪಾಡು. ಜಗಳೂರಿನವರ ಹಳೆ ಕಾಗದಗಳಲ್ಲಿ ಚಿತ್ರದುರ್ಗ. ನ್ಯಾಮತಿಯವರದು ಇನ್ನೂ ಒಂದು ಮೆಟ್ಟಿಲು ಮೇಲೆ: ಮೊದಲು ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕು, ಆಮೇಲೆ ದಾವಣಗೆರೆ ಜಿಲ್ಲೆಯ ಹೊನ್ನಾಳಿ ತಾಲ್ಲೂಕು, ಈಗ ಸ್ವಂತದ್ದೇ ತಾಲ್ಲೂಕು. ಮನೆಯ ಕಂಬ ಒಂದಿಂಚು ಅಲುಗಾಡಿಲ್ಲ, ಮನೆ ಮಾತ್ರ ಮೂರು ವಿಳಾಸ ಬದಲಿಸಿದೆ. ವಿಶ್ವವಿದ್ಯಾಲಯದ ಪಟ್ಟಿ ಇಳಿಸಿದರೆ ಅಲ್ಲಿಯೂ ಹಾಗೆಯೇ. ಅಣ್ಣನ ಡಿಗ್ರಿ ಕುವೆಂಪು ವಿಶ್ವವಿದ್ಯಾಲಯದ್ದು, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಆದಮೇಲೆ ತಮ್ಮನದು ಅಲ್ಲಿಯದು. ಬೆಂಗಳೂರಿನ ಸಂದರ್ಶನದಲ್ಲಿ ಕೂತವರಿಗೆ ಇದನ್ನೆಲ್ಲ ವಿವರಿಸಿ ಹೇಳುವಷ್ಟರಲ್ಲಿ ಕೊಟ್ಟ ಹತ್ತು ನಿಮಿಷ ಮುಗಿದು, ಹುಡುಗ ಇತಿಹಾಸದ ಮೇಷ್ಟ್ರ ಕೆಲಸಕ್ಕೆ ಬಂದವನೆಂದು ಅವರು ತಿಳಿದುಕೊಂಡಿರುತ್ತಾರೆ.

ಇಂಥ ಗೋಜಲಿನಿಂದ ಪಾರಾಗಲೆಂದೇ ನಮ್ಮ ಹುಡುಗ ಒಂದು ಗೂಗಲ್ ಶೀಟ್ ಮಾಡಿದ. ಯೂಟ್ಯೂಬಿನಲ್ಲಿ ಯಾರೋ ಹೇಳಿಕೊಟ್ಟಿದ್ದಂತೆ. ಎ ಕಾಲಂ: ಇಲಾಖೆ ಅಥವಾ ಕಂಪನಿ. ಬಿ: ಹುದ್ದೆ. ಸಿ: ಕೊನೆಯ ದಿನಾಂಕ. ಡಿ: ಅರ್ಜಿ ಸಂಖ್ಯೆ. ಇ: ಯಾವ ರೆಸ್ಯೂಮೆ ಕಳಿಸಿದ್ದು. ಎಫ್: ಯಾರು ಹೇಳಿದ್ದು. ಜಿ: ಸ್ಥಿತಿ. ಎಚ್: ಮುಂದೇನು. ನನಗೆ ತೋರಿಸಿದಾಗ ನಾನು ಮೆಚ್ಚಿದೆ, ಸುಳ್ಳು ಹೇಳಬಾರದು. ಅರ್ಜಿ ಸಂಖ್ಯೆ ಒಂದು ಕಡೆ ಬರೆದಿಟ್ಟರೆ ಎಷ್ಟು ಲಾಭ ಎಂದು ಗೊತ್ತಾಗುವುದು ಅರ್ಜಿ ಹಾಕಿ ವರ್ಷ ಕಳೆದ ಮೇಲೆ ಹಾಲ್ ಟಿಕೆಟ್ ಬಂದಾಗ. ಅಷ್ಟರಲ್ಲಿ ಫೋನು ಬದಲಾಗಿರುತ್ತದೆ, ಸಿಮ್ಮು ಬದಲಾಗಿರುತ್ತದೆ, ಅರ್ಜಿ ತುಂಬಿಕೊಟ್ಟ ಸೈಬರ್ ಅಂಗಡಿಯವನು ಅಂಗಡಿ ಮುಚ್ಚಿ ಬೇಕರಿ ಇಟ್ಟಿರುತ್ತಾನೆ.

ಇ ಕಾಲಮ್ಮಿನ ಮಹಿಮೆಯೂ ಕಡಿಮೆಯದಲ್ಲ. ಬ್ಯಾಂಕಿಗೆ ಕಳಿಸಿದ ರೆಸ್ಯೂಮೆಯಲ್ಲಿ ಹುಡುಗನಿಗೆ ಹಣಕಾಸಿನಲ್ಲಿ ಬಾಲ್ಯದಿಂದ ಆಸಕ್ತಿ. ಮಾರ್ಕೆಟಿಂಗ್ ಕಂಪನಿಗೆ ಕಳಿಸಿದ್ದರಲ್ಲಿ ಜನರೊಂದಿಗೆ ಬೆರೆಯುವುದು ಹುಟ್ಟುಗುಣ. ಆಸ್ಪತ್ರೆಯ ಬಿಲ್ಲಿಂಗ್ ಕೆಲಸಕ್ಕೆ ಕಳಿಸಿದ್ದರಲ್ಲಿ ಸೇವೆಯೇ ಉಸಿರು. ಫೋನು ಬಂದಾಗ ಈ ಮೂವರಲ್ಲಿ ಯಾರು ಮಾತಾಡಬೇಕು ಎಂದು ತಿಳಿಯಲು ಶೀಟ್ ನೋಡಲೇಬೇಕು. ಸಿ ಕಾಲಮ್ಮನ್ನು ಅವನು ಗೂಗಲ್ ಕ್ಯಾಲೆಂಡರಿಗೆ ಹಾಕಿ, ಕೊನೆಯ ದಿನಕ್ಕೆ ಮೂರು ದಿನ ಮೊದಲೇ ಗಂಟೆ ಹೊಡೆಯುವಂತೆ ಮಾಡಿಕೊಂಡಿದ್ದಾನೆ. ಇದು ಬುದ್ಧಿವಂತಿಕೆ. ಕೊನೆಯ ರಾತ್ರಿ ಹನ್ನೊಂದೂವರೆಗೆ ಇಡೀ ಕರ್ನಾಟಕವೇ ಒಂದೇ ತಾಣಕ್ಕೆ ನುಗ್ಗಿ ಸರ್ವರ್ ಮಲಗಿದಾಗ ಇವನೂ ನೆಮ್ಮದಿಯಾಗಿ ಮಲಗಿರುತ್ತಾನೆ.

ಕಾಗದಪತ್ರಗಳಿಗೆ ಗೂಗಲ್ ಡ್ರೈವ್‌ನಲ್ಲಿ ಬೇರೆ ಫೋಲ್ಡರು. ನಾಡಕಚೇರಿಯ ಜಾತಿ ಆದಾಯ ಪ್ರಮಾಣಪತ್ರ, ಅದರ ಆರ್‌ಡಿ ಸಂಖ್ಯೆ, ಗ್ರಾಮೀಣ ಅಭ್ಯರ್ಥಿ ಪ್ರಮಾಣಪತ್ರ, ಕನ್ನಡ ಮಾಧ್ಯಮದ್ದು. ಅಂಕಪಟ್ಟಿಗಳು 2015ರಲ್ಲಿ ಶುರುವಾದ ಡಿಜಿಲಾಕರಿನಲ್ಲಿ. ಫೋಟೋದ ಕಥೆಯೇ ಬೇರೆ. ಒಂದು ಕಡೆ 50 ಕೆಬಿ ಮೀರಬಾರದು, ಇನ್ನೊಂದು ಕಡೆ 20 ಕೆಬಿಗೆ ಇಳಿಯಬಾರದು. ಕುಗ್ಗಿಸಿ ಕುಗ್ಗಿಸಿ ಕೊನೆಗೆ ಉಳಿದ ಮುಖ ನೋಡಿ ನಮ್ಮಕ್ಕ "ಇದು ಅವ್ರ ತಾತನ ಫೋಟೋ ಅಲ್ವೇನೋ" ಅಂದಳು. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಪೊಲೀಸಪ್ಪ ಹಾಲ್ ಟಿಕೆಟ್ಟನ್ನೂ ಇವನನ್ನೂ ಎರಡೆರಡು ಸಲ ನೋಡಿದನಂತೆ. ಅಡಿಯಲ್ಲಿದ್ದ ಸಹಿ ಕಾಪಾಡಿತು.

ಇಷ್ಟಕ್ಕೆ ನಿಂತಿದ್ದರೆ ಒಳ್ಳೆಯದಿತ್ತು. ಹುಡುಗನಿಗೆ ಬಣ್ಣದ ಹುಚ್ಚು ಹಿಡಿಯಿತು. ಅರ್ಜಿ ಹಾಕಿದ್ದಕ್ಕೆ ಹಳದಿ, ಕರೆ ಬಂದರೆ ಹಸಿರು, ಇಲ್ಲ ಅಂದರೆ ಕೆಂಪು. ಕೊನೆಯ ದಿನಾಂಕ ಹತ್ತಿರ ಬಂದಂತೆ ಕಾಲಂ ತಾನೇ ಕಿತ್ತಳೆಗೆ ತಿರುಗಬೇಕು, ಅದಕ್ಕೊಂದು ಸೂತ್ರ. ಯಾವ ಹಸಿರು ಎಂಬುದರ ಮೇಲೆ ಗೆಳೆಯನ ಜೊತೆ ಫೋನಿನಲ್ಲಿ ಚರ್ಚೆ. ಆಮೇಲೆ ಟ್ರೆಲ್ಲೊ ಎಂಬ ಆ್ಯಪ್ ಸಿಕ್ಕಿತು. ಅದರಲ್ಲಿ ಪ್ರತಿ ಕೆಲಸಕ್ಕೊಂದು ಚೀಟಿ. ಚೀಟಿಯನ್ನು 'ಹಾಕಬೇಕು' ಎಂಬ ಕಡೆಯಿಂದ 'ಹಾಕಿದೆ' ಎಂಬ ಕಡೆಗೆ ಬೆರಳಲ್ಲಿ ಎಳೆದು ಬಿಡಬೇಕು. ಎಳೆದಾಗ ಆಗುವ ಸುಖ ಕೆಲಸ ಸಿಕ್ಕಾಗಲೂ ಆಗುವುದಿಲ್ಲವಂತೆ. ಒಂದಿಡೀ ವಾರ ಹುಡುಗ ಅರ್ಜಿಯೇ ಹಾಕಲಿಲ್ಲ. ಹಳೆಯ ಅರ್ಜಿಗಳನ್ನು ಚಂದವಾಗಿ ಜೋಡಿಸಿದ. ಜೋಡಿಸಿದ್ದನ್ನು ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದ. ಮೂವತ್ತು ಜನ ಲೈಕು ಒತ್ತಿದರು. ಅವರಲ್ಲಿ ಒಬ್ಬರೂ ಕೆಲಸ ಕೊಡುವವರಲ್ಲ, ಎಲ್ಲರೂ ಹುಡುಕುವವರು.

ಇದಕ್ಕೆ ಮದ್ದು ಅರೆದವಳು ನಮ್ಮಕ್ಕ. ಸುಗ್ಗಿಯ ಹೊತ್ತು. ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿ ಒಣಗಿಸಿ ಆರಿಸುತ್ತ ಕೂತಿದ್ದಳು. ಹುಡುಗ ಮೊಬೈಲು ಹಿಡಿದುಕೊಂಡು ಬಂದು ಹೆಮ್ಮೆಯಿಂದ ತೋರಿಸಿದ. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ನೋಡಿದಳು.

"ಇದೇನಿದು, ಸ್ಟಾಫ್ ನರ್ಸು?"

"ಸುಮ್ನೆ ಇರ್ಲಿ ಅಂತ ಹಾಕಿದೀನಮ್ಮ."

"ಇದು?"

"ಅದಕ್ಕೆ ಐದು ವರ್ಷ ಅನುಭವ ಕೇಳ್ತಾರೆ."

"ಮತ್ತೆ ನಿಂದು?"

"ಇಲ್ಲ."

ಅಕ್ಕ ಕೈಯಲ್ಲಿದ್ದ ಒಂದು ಹಿಡಿ ಅಡಿಕೆ ಅವನ ಮುಂದೆ ಹಿಡಿದಳು. "ನೋಡು, ಕಡ್ಮೆ ರೇಟಿನ ಗೊರಬಲನ್ನ ರಾಶಿ ಅಡಿಕೆ ಜೊತೆ ಸೇರಿಸಿ ಗುಡ್ಡೆ ದೊಡ್ಡದು ಮಾಡಬೋದು. ಮಂಡಿಯೋನು ಕೈ ಹಾಕಿದ್ರೆ ಗುಡ್ಡೆಗೆಲ್ಲ ಗೊರಬಲಿನ ರೇಟೇ ಕಟ್ತಾನೆ. ಮೊದ್ಲು ಆರ್ಸು, ಆಮೇಲೆ ಬಣ್ಣ ಹಚ್ಚು." ಅಡಿಕೆ ಸಹಕಾರ ಸಂಘ ತುಮ್ಕೋಸ್ ಇರುವ ಊರಿನ ಹೆಂಗಸು, ವ್ಯಾಪಾರ ಹೇಳಿಕೊಡಬೇಕೇ? ಅವತ್ತು ರಾತ್ರಿ ಶೀಟಿನ ಅರ್ಧ ಸಾಲು ಹೋದವು. ನರ್ಸು ಮೊದಲು ಹೋಯಿತು. ಟ್ರೆಲ್ಲೊ ಮರುದಿನ ಹೋಯಿತು.

ಉಳಿದ ಸಾಲುಗಳಲ್ಲಿ ಸರ್ಕಾರಿ ಸಾಲುಗಳಿಗೆ ಜಿ ಕಾಲಂ ಸಾಲುವುದಿಲ್ಲ. ಯೂಟ್ಯೂಬಿನವನು ಸ್ಥಿತಿ ಎಂದರೆ 'ಹಾಕಿದೆ', 'ಸಂದರ್ಶನ', 'ಸಿಕ್ಕಿತು', 'ಇಲ್ಲ' ಎಂದು ನಾಲ್ಕು ಹೇಳಿಕೊಟ್ಟಿದ್ದ. ಪಾಪ, ಅವನು ಕರ್ನಾಟಕದವನಲ್ಲ. ಇಲ್ಲಿ 'ಬರೆದೆ', 'ರದ್ದು', 'ಮತ್ತೆ ಬರೆದೆ', 'ಕೋರ್ಟಿನಲ್ಲಿದೆ' ಎಂಬ ಸ್ಥಿತಿಗಳೂ ಬೇಕು. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ 2021ರ ಅಕ್ಟೋಬರಿನಲ್ಲಿ ನಡೆಯಿತು, ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯಿತು, ಮರುಪರೀಕ್ಷೆ 2024ರ ಜನವರಿಯಲ್ಲಿ. ಅಷ್ಟರಲ್ಲಿ ಕೆಲವರು ಮದುವೆಯಾಗಿ ಮಕ್ಕಳನ್ನು ಅಂಗನವಾಡಿಗೆ ಬಿಟ್ಟು ಪರೀಕ್ಷೆಗೆ ಬಂದರು. ಕೆಪಿಎಸ್‌ಸಿಯ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ಕ್ಕೆ ಆಯಿತು. ಪ್ರಶ್ನೆಪತ್ರಿಕೆಯ ಕನ್ನಡ ಅನುವಾದದಲ್ಲಿ ತಪ್ಪುಗಳೋ ತಪ್ಪುಗಳು. ಗದ್ದಲವಾಗಿ ಡಿಸೆಂಬರ್ 29ಕ್ಕೆ ಮತ್ತೆ ಪರೀಕ್ಷೆ. ಕನ್ನಡ ನಾಡಿನ ಅಧಿಕಾರಿಯಾಗಲು ಬಂದವರು ಕನ್ನಡದ ಪ್ರಶ್ನೆ ಅರ್ಥವಾಗದೆ ಪಕ್ಕದ ಇಂಗ್ಲಿಷ್ ಓದಿ ಉತ್ತರ ಬರೆಯಬೇಕಾದದ್ದು 1951ರಲ್ಲಿ ಹುಟ್ಟಿದ ಆಯೋಗದ ಎಪ್ಪತ್ತು ದಾಟಿದ ವಯಸ್ಸಿನಲ್ಲಿ! ಇಂಥ ಸಾಲಿಗೆ ಯಾವ ಬಣ್ಣ ಹಚ್ಚುತ್ತೀರಿ? ನಮ್ಮ ಹುಡುಗ ಬೂದು ಹಚ್ಚಿದ್ದಾನೆ.

ಇಡೀ ಶೀಟಿನಲ್ಲಿ ದುಡ್ಡು ಒಳಗೆ ಬಂದ ಸಾಲು ಒಂದೇ: ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ. 2024ರ ಜನವರಿ 12ರಂದು ಪಕ್ಕದ ಶಿವಮೊಗ್ಗದಲ್ಲೇ ಅದಕ್ಕೆ ಚಾಲನೆ ಕೊಟ್ಟರು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಆದರೆ ಪಾಸಾಗಿ ಆರು ತಿಂಗಳು ಕೆಲಸವಿಲ್ಲದೆ ಇರಬೇಕು, ಆಮೇಲೂ ನಾನಿನ್ನೂ ನಿರುದ್ಯೋಗಿಯೇ ಎಂದು ಆನ್‌ಲೈನಿನಲ್ಲಿ ಘೋಷಿಸುತ್ತಿರಬೇಕು. ಅದಕ್ಕೂ ಕ್ಯಾಲೆಂಡರಿನಲ್ಲಿ ಗಂಟೆ ಇದೆ. ಬೆಳಗ್ಗೆ ಒಂದು ತಾಣದಲ್ಲಿ ತಾನೆಷ್ಟು ಉದ್ಯೋಗಯೋಗ್ಯ ಎಂದು ಬರೆದು, ಮಧ್ಯಾಹ್ನ ಇನ್ನೊಂದು ತಾಣದಲ್ಲಿ ತಾನೆಂಥ ಅಪ್ಪಟ ನಿರುದ್ಯೋಗಿ ಎಂದು ಬರೆದು, ಎರಡಕ್ಕೂ ಓಟಿಪಿ ಹಾಕಿ ಒಪ್ಪಿಸಬೇಕು. ಎರಡೂ ನಿಜ.

ಖಾಸಗಿಯವರ ಲೋಕದಲ್ಲಿ ಕೋರ್ಟು ಕಚೇರಿ ಇಲ್ಲ, ಉತ್ತರವೂ ಇಲ್ಲ. ನೌಕ್ರಿಯಲ್ಲಿ ಪ್ರೊಫೈಲು ಹೊಸದಾಗಿದ್ದರೆ ಮೇಲೆ ಕಾಣಿಸುತ್ತದೆಂದು ಯಾರೋ ಹೇಳಿದ್ದಾರೆ. ಆದ್ದರಿಂದ ಪ್ರತಿ ಸೋಮವಾರ ಹುಡುಗ ತನ್ನ ರೆಸ್ಯೂಮೆಯಿಂದ ಒಂದು ಚುಕ್ಕಿ ತೆಗೆಯುತ್ತಾನೆ, ಮುಂದಿನ ಸೋಮವಾರ ವಾಪಸ್ಸು ಇಡುತ್ತಾನೆ. ಲಿಂಕ್ಡ್‌ಇನ್‌ನಲ್ಲಿ ಮುಖದ ಸುತ್ತ ಹಸಿರು ಬಳೆ ಹಾಕಿಕೊಂಡರೆ ಕೆಲಸಕ್ಕೆ ಸಿದ್ಧ ಎಂದರ್ಥವಂತೆ. ಬೆಂಗಳೂರಿನಲ್ಲಿ ಅದು ಬೇಕು, ಒಪ್ಪೋಣ. ಚನ್ನಗಿರಿಯಲ್ಲಿ ಹಾಲಿನ ಡೇರಿಯಿಂದ ಹಿಡಿದು ಬಸ್‌ಸ್ಟ್ಯಾಂಡಿನ ತನಕ ಎಲ್ಲರಿಗೂ ಗೊತ್ತಿರುವ ವಿಷಯಕ್ಕೆ ಬಳೆ ಯಾಕೆ?

ಇನ್ನು ಟೆಲಿಗ್ರಾಂ ಗುಂಪುಗಳಲ್ಲಿ ಮನೆಯಲ್ಲೇ ಕೂತು ಟೈಪ್ ಮಾಡಿದರೆ ದಿನಕ್ಕೆ ಸಾವಿರಾರು ರೂಪಾಯಿ ಕೊಡುವ ಧರ್ಮಾತ್ಮರು. ನೋಂದಣಿಗೆ ಸ್ವಲ್ಪ ದುಡ್ಡು ಕಟ್ಟಬೇಕು, ಅಷ್ಟೇ. ಇದಕ್ಕಾಗಿ ಹುಡುಗ 'ದುಡ್ಡು ಕೇಳಿದ್ರಾ?' ಎಂದು ಇನ್ನೊಂದು ಕಾಲಂ ಮಾಡಿದ್ದಾನೆ. ಹೌದು ಎಂದು ಬಿದ್ದರೆ ಸಾಲು ಅಲ್ಲಿಗೆ ಮುಗಿಯಿತು. ಸರ್ಕಾರಿ ಪರೀಕ್ಷೆಯ ಶುಲ್ಕ ಬೇರೆ, ಅದು ಸರ್ಕಾರದ ತಾಣದಲ್ಲೇ ಕಟ್ಟುವುದು. ಕೆಲಸ ಕೊಡುತ್ತೇನೆಂದು ಫೋನ್‌ಪೇ ನಂಬರು ಕಳಿಸುವವನು ಕೆಲಸ ಕೊಡುವವನಲ್ಲ, ನಮ್ಮಿಂದ ಕೆಲಸ ಮಾಡಿಸಿಕೊಳ್ಳುವವನೂ ಅಲ್ಲ, ಕೆಲಸ ತೋರಿಸುವವನು. ದುಡ್ಡು ಹೋದವರು ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕು. ಆ ಸಂಖ್ಯೆ ಅವನ ಶೀಟಿನ ತಲೆಯ ಮೇಲೇ ಇದೆ.

ಆದರೆ ಈ ಶೀಟಿನ ನಿಜವಾದ ಪರಾಕ್ರಮ ತಿಳಿದದ್ದು ಎಫ್ ಮತ್ತು ಎಚ್ ಕಾಲಮ್ಮುಗಳಿಂದ. ಯಾರು ಹೇಳಿದ್ದು, ಮುಂದೇನು.

ನಮ್ಮ ಕಡೆ ಮದುವೆ ಊಟದ ಪಂಕ್ತಿಯಲ್ಲಿ ಕೆಲಸ ಕೊಡಿಸದ ಹಿರಿಯರೇ ಇಲ್ಲ. ಎಲೆಗೆ ಹೋಳಿಗೆ ಬೀಳುತ್ತಿದ್ದಂತೆ ಪಕ್ಕದ ಎಲೆಯವರು ಕೇಳುತ್ತಾರೆ: "ಏನ್ಮಾಡ್ತಿದೀಯಪ್ಪ ಈಗ?" ಹುಡುಗ ತಲೆ ತಗ್ಗಿಸುತ್ತಾನೆ. "ಯಾಕೆ ಯೋಚ್ನೆ ಮಾಡ್ತೀಯ? ನಮ್ಮೋರೇ ಒಬ್ರು ದೊಡ್ಡ ಕಂಪನೀಲಿ ಅದಾರೆ. ನಿನ್ ಬಯೋಡೇಟಾ ಕಳ್ಸು, ಒಂದು ಮಾತು ಹೇಳ್ತೀನಿ." ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ ಕೆಲಸ ಕೊಡಿಸಿ, ಮೊಸರನ್ನಕ್ಕೆ ಬರುವಷ್ಟರಲ್ಲಿ ಪ್ರಮೋಷನ್ನೂ ಕೊಡಿಸಿ, ಕೈ ತೊಳೆಯುವಾಗ ಮರೆತುಬಿಡುವುದು ನಮ್ಮ ಹಿರಿಯರ ಹಳೆಯ ಪದ್ಧತಿ. ಅದರಿಂದ ಯಾರಿಗೂ ನಷ್ಟವಿರಲಿಲ್ಲ. ಹೇಳಿದವರಿಗೆ ಹೇಳಿದ ತೃಪ್ತಿ, ಕೇಳಿದವರಿಗೆ ಆ ಹೊತ್ತಿನ ನೆಮ್ಮದಿ.

ಈ ಹುಡುಗ ಆ ಪದ್ಧತಿಯನ್ನೇ ಕೆಡಿಸಿದ. ಕೈ ತೊಳೆದು ಬಂದವನೇ ಮಂಟಪದ ಕುರ್ಚಿಯಲ್ಲಿ ಕೂತು ಶೀಟಿನಲ್ಲಿ ಸಾಲು ತೆರೆದ. ಯಾರು ಹೇಳಿದ್ದು: ದೊಡ್ಡಪ್ಪ. ಮುಂದೇನು: ಹತ್ತು ದಿನ ಬಿಟ್ಟು ವಿಚಾರಿಸುವುದು. ಹತ್ತನೆಯ ದಿನ ಬೆಳಗ್ಗೆ ದೊಡ್ಡಪ್ಪನ ವಾಟ್ಸಾಪಿಗೆ ಮೆಸೇಜು: "ದೊಡ್ಡಪ್ಪ, ನಮಸ್ಕಾರ. ಮದುವೆಯಲ್ಲಿ ಹೇಳಿದ್ದಿರಲ್ಲ, ಅವರ ಹತ್ತಿರ ಮಾತಾಡಿದಿರಾ? ಬಯೋಡೇಟಾ ಮತ್ತೊಮ್ಮೆ ಲಗತ್ತಿಸಿದ್ದೇನೆ." ಎರಡು ನೀಲಿ ಗೆರೆ ಬಿದ್ದವು. ದೊಡ್ಡಪ್ಪ ಓದಿದ್ದಾರೆ, ತಪ್ಪಿಸಿಕೊಳ್ಳುವಂತಿಲ್ಲ. "ಮಾತಾಡ್ತೀನಪ್ಪ" ಎಂದು ಬಂತು. ಹುಡುಗ ಆ ಸಾಲಿಗೆ ಇನ್ನೊಂದು ತಾರೀಕು ಹಾಕಿದ. ಬೇಜಾರಿಲ್ಲ, ಸಿಟ್ಟಿಲ್ಲ, ವಿನಯಕ್ಕೆ ಕೊರತೆಯಿಲ್ಲ. ಬಿಡುವ ಜಾತಿಯೂ ಅಲ್ಲ. ಮೂರನೆಯ ತಾರೀಕಿಗೆ ದೊಡ್ಡಪ್ಪ ಆ ಮೆಸೇಜಿನ ಕಾಟ ತಪ್ಪಿದರೆ ಸಾಕೆಂದು ನಿಜವಾಗಿಯೂ ಫೋನು ಮಾಡಿದರು. ಆ ಕಡೆಯವರು ದೊಡ್ಡ ಕಂಪನಿಯಲ್ಲಿ ಇದ್ದದ್ದು ಹೌದು, ನಿವೃತ್ತರಾಗಿ ವರ್ಷಗಳಾಗಿತ್ತು. ಆದರೆ ಅವರ ಮಗ ದಾವಣಗೆರೆಯಲ್ಲಿ ಲೆಕ್ಕಪರಿಶೋಧಕರೊಬ್ಬರ ಆಫೀಸಿನಲ್ಲಿದ್ದಾನೆ, ಅಲ್ಲಿ ಜಿಎಸ್‌ಟಿ ಲೆಕ್ಕಕ್ಕೆ ಹುಡುಗರು ಬೇಕಾಗಿದ್ದಾರೆ. ಬಾ ಎಂದು ಕರೆ ಬಂತು. ಸಾಲು ಹಸಿರಾಯಿತು. ಮೊದಲ ದರ್ಜೆಯ ಹಸಿರಲ್ಲ, ಸಂದರ್ಶನದ ತಿಳಿ ಹಸಿರು.

ನನಗೆ ಅನ್ನಿಸುವುದಿಷ್ಟೆ. ಈ ಆನ್‌ಲೈನ್ ಸಲಕರಣೆಗಳು ಹುಡುಗರನ್ನು ಶಿಸ್ತಿಗೆ ತರುತ್ತವೆಂದು ಎಲ್ಲರೂ ಹೇಳುತ್ತಾರೆ. ಹುಡುಗರು ಮೊದಲೇ ಶಿಸ್ತಿನಲ್ಲಿದ್ದರು, ಪಾಪ, ಬೇರೆ ದಾರಿ ಅವರಿಗೆಲ್ಲಿತ್ತು? ಶಿಸ್ತು ಇಲ್ಲದೆ ಇದ್ದವರು ಮಾತು ಕೊಡುವ ನಾವು. ಶೀಟಿನಲ್ಲಿ ತಾರೀಕು ಬಿದ್ದಮೇಲೆ ನಮ್ಮ ಮಾತಿಗೂ ಒಂದು ಕೊನೆಯ ದಿನಾಂಕ ಬಂತು. ಇತ್ತೀಚೆಗೆ ಮದುವೆ ಊಟದಲ್ಲಿ ಈ ಹುಡುಗನ ಪಕ್ಕದ ಎಲೆ ಖಾಲಿ ಉಳಿಯುತ್ತಿದೆಯಂತೆ. ಕೂತವರೂ ಮಳೆ, ಬೆಳೆ, ಭದ್ರಾ ನಾಲೆಯ ನೀರು ಇಷ್ಟರಲ್ಲೇ ಮಾತು ಮುಗಿಸುತ್ತಾರೆ. ಅದರಲ್ಲೂ ಮಾತಾಡಿಸುವ ಧೈರ್ಯ ಮಾಡಿದವರು ಮಾತ್ರ ನಿಜವಾಗಿ ಏನಾದರೂ ಮಾಡಬಲ್ಲವರು. ಗೊರಬಲು ತಾನಾಗಿಯೇ ಬೇರೆಯಾಯಿತು.

ಹೀಗಿರಲಾಗಿ ನಮ್ಮಕ್ಕನಿಗೆ ಶೀಟಿನ ಮೇಲೆ ಭಾರಿ ನಂಬಿಕೆ ಹುಟ್ಟಿದೆ. ಮೊನ್ನೆ ಮಗನನ್ನು ಕೂರಿಸಿಕೊಂಡು ಅದೇ ಶೀಟಿನ ಅಡಿಯಲ್ಲಿ ಇನ್ನೊಂದು ಹಾಳೆ ತೆರೆಸಿದ್ದಾಳೆ. ಹೆಣ್ಣು ಹುಡುಕುವುದಕ್ಕೆ. ಯಾವ ಊರು, ಯಾರು ಹೇಳಿದ್ದು, ಸ್ಥಿತಿ, ಮುಂದೇನು, ಎಲ್ಲ ಕಾಲಮ್ಮೂ ಹಾಗೇ ಹೊಂದುತ್ತವೆ. ಬಣ್ಣವೂ ಅದೇ. ತೊಂದರೆ ಒಂದೇ. ಹೆಣ್ಣಿನ ಕಡೆಯವರು ಕೇಳುವ ಮೊದಲ ಪ್ರಶ್ನೆ "ಹುಡುಗ ಏನು ಮಾಡ್ಕಂಡದಾನೆ?" ಅದರ ಉತ್ತರ ಮೊದಲ ಹಾಳೆಯಿಂದ ಬರಬೇಕು. ಮೊದಲ ಹಾಳೆ ಇನ್ನೂ ತಿಳಿ ಹಸಿರಿನಲ್ಲೇ ಇದೆ. ಅದು ಗಾಢವಾಗುವ ತನಕ ಎರಡನೆಯ ಹಾಳೆ ಖಾಲಿ.

ಈಗ ನೆಂಟರಲ್ಲಿ ನಾಲ್ಕಾರು ಜನ ಆ ಎರಡನೆಯ ಹಾಳೆಯ ಲಿಂಕ್ ಕಳಿಸು ಎಂದು ಹುಡುಗನ ಬೆನ್ನು ಬಿದ್ದಿದ್ದಾರೆ. ನೋಡುವುದಕ್ಕಷ್ಟೇ ಅಂತೆ. ಹುಡುಗ ನನ್ನನ್ನು ಕೇಳಿದ: "ಮಾವ, ಕಾಮೆಂಟ್ ಮಾಡೋ ಪರ್ಮಿಷನ್ ಕೊಡ್ಲಾ ಇವ್ರಿಗೆ?" ನಾನಂದೆ: "ನೀನೇನು ಕೊಡಾದು ಅದನ್ನ? ಚನ್ನಗಿರಿಯಾಗೆ ಅದು ಎಲ್ಲರಿಗೂ ಹುಟ್ಟುತ್ಲೇ ಸಿಕ್ಕಿರ್ತತೆ. ಎಡಿಟ್ ಮಾತ್ರ ಯಾರಿಗೂ ಕೊಡಬ್ಯಾಡ. ನಿಮ್ಮವ್ವಂಗೂ."